ಹಣ್ಣು ನೊಣ, ಕಾಂಡ ಕೊರಕ: ಮಾವಿಗೆ ಬೇಸಿಗೆ ಕೊನೆಯ ಕಾಟ

ಮಾವಿನ ಹೂವಿನ ಕಾಲದ ಕಾಟ ಎಲ್ಲರಿಗೂ ಗೊತ್ತು. ಜಿಗಿಹುಳ, ಬೂದಿರೋಗ ಅಂದರೆ ಜನವರಿಯಲ್ಲೇ ಪಂಪು ಹೆಗಲಿಗೆ ಏರುತ್ತದೆ. ಆದರೆ ಕಾಯಿ ನಿಂತು ಬಲಿಯುವಾಗ, ಅಂದರೆ ಏಪ್ರಿಲ್ ನಡುವಿನಿಂದ ಮಿರ್ಗದ ಮಳೆ ಹಿಡಿಯುವವರೆಗೆ, ನಮ್ಮ ಶಿಕಾರಿಪುರ, ಸೊರಬದ ಕಡೆ ಮಾವಿನ ತೋಟಕ್ಕೆ ಕಾಲಿಡುವವರು ಕಡಿಮೆ. ಮೆಕ್ಕೆಜೋಳದ ಹೊಲ ಹಸನು ಮಾಡಬೇಕು, ಗೊಬ್ಬರ ಹೊಡೆಯಬೇಕು, ನಡುವೆ ಮದುವೆ ಮುಂಜಿ. ಮಾವು ಹೇಗೂ ವ್ಯಾಪಾರಿಗೆ ಕೊಟ್ಟಾಗಿದೆ, ಅವನು ನೋಡಿಕೊಳ್ಳುತ್ತಾನೆ ಅಂತ ಬಿಟ್ಟುಬಿಡುತ್ತೇವೆ. ಅದೇ ಎರಡು ತಿಂಗಳಲ್ಲಿ ಹಣ್ಣು ನೊಣ ಫಸಲನ್ನು ಕೆಡಿಸುತ್ತದೆ, ಕಾಂಡ ಕೊರಕ ಮರವನ್ನೇ ಒಳಗಿಂದ ತಿನ್ನಲು ಶುರು ಮಾಡುತ್ತದೆ.

ಈಗ ಇದನ್ನು ಬರೆಯಲು ಇನ್ನೊಂದು ಕಾರಣ ಇದೆ. ನಮ್ಮ ಸುತ್ತಿನ ಊರುಗಳಲ್ಲಿ ಇಪ್ಪತ್ತು ಮೂವತ್ತು ವರ್ಷದ ಆಪೂಸು ಮರಗಳನ್ನು ಕಡಿದು ಬೋರ್‌ವೆಲ್ ತೆಗೆಸಿ ಅಡಿಕೆ ಹಾಕುವುದು ನಡೆದಿದೆ. ಕೇಳಿದರೆ "ಮಾವು ಹುಳ ಬೀಳುತ್ತೆ, ರೇಟು ಸಿಗಲ್ಲ" ಅನ್ನುತ್ತಾರೆ. ನೀರಿದ್ದವರು ಅಡಿಕೆ ಹಾಕಲಿ, ಬೇಡ ಅನ್ನಲು ನಾನ್ಯಾರು. ಆದರೆ ನನ್ನಂಥ ಮಳೆಯಾಶ್ರಿತ ಬೇಸಾಯದವನಿಗೆ ಬರಗಾಲದಲ್ಲೂ ನಾಲ್ಕು ಕಾಸು ಕೊಡುವ ಮರ ಅಂದರೆ ಮಾವೇ. ಹುಳದ ಕಾರಣಕ್ಕೆ ಅದನ್ನು ಕಡಿಯುವ ಮೊದಲು, ಯಾವ ಹುಳ, ಎಲ್ಲಿಂದ ಬಂತು ಅಂತ ನೋಡಬೇಕಲ್ಲ.

ಮೊದಲು ಹಣ್ಣು ಕೊಯ್ದು ನೋಡಿ

ನಮ್ಮವರು ಮೂರು ಬೇರೆ ಬೇರೆ ದೋಷಕ್ಕೆ ಒಂದೇ ಹೆಸರು ಇಡುತ್ತಾರೆ, "ಒಳಗೆ ಕೆಟ್ಟಿದೆ". ಈ ಮೂರಕ್ಕೂ ಮದ್ದು ಬೇರೆ ಬೇರೆ. ಹಾಗಾಗಿ ಚಾಕು ಹಿಡಿದು ಹಣ್ಣನ್ನು ಉದ್ದಕ್ಕೆ ಸೀಳಿ ನೋಡುವುದೇ ಮೊದಲ ಕೆಲಸ.

ತಿರುಳು ಕೊಳೆತು ನೀರಾಗಿ, ಅದರಲ್ಲಿ ಅಕ್ಕಿ ಕಾಳಿಗಿಂತ ಸ್ವಲ್ಪ ಉದ್ದದ ಬಿಳಿ ಹುಳಗಳು ಮಿಜಿಗುಟ್ಟುತ್ತಿದ್ದರೆ ಅದು ಹಣ್ಣು ನೊಣದ ಮರಿ. ಕೋಲಾರದ ಕಡೆ ಇದನ್ನೇ ಊಜಿ ಅನ್ನುತ್ತಾರೆ. ಕಾಲಿಲ್ಲದ ಈ ಹುಳ ಬೆಳೆದ ಮೇಲೆ ಬಿಲ್ಲಿನ ಹಾಗೆ ಬಾಗಿ ಟಣ್ಣನೆ ನೆಗೆಯುತ್ತದೆ. ಅದೇ ಗುರುತು.

ತಿರುಳು ಚೆನ್ನಾಗಿದ್ದು, ವಾಟೆ ಒಡೆದಾಗ ಒಳಗಿನ ಬೀಜ ಪುಡಿಯಾಗಿ ಕಪ್ಪು ಮೂತಿಯ ದುಂಬಿ ಹೊರಬಂದರೆ ಅದು ವಾಟೆ ಹುಳ. ಇದು ಈಗ ಬಂದದ್ದಲ್ಲ. ಕಾಯಿ ಗೋಲಿ ಗಾತ್ರ ಇದ್ದಾಗಲೇ ಸಿಪ್ಪೆಯ ಮೇಲೆ ಮೊಟ್ಟೆ ಇಟ್ಟಾಗಿರುತ್ತದೆ, ಮರಿ ಒಳಗೆ ಕೊರೆದು ಹೋದ ದಾರಿ ಕಾಯಿ ಬೆಳೆಯುತ್ತಾ ಮುಚ್ಚಿಹೋಗುತ್ತದೆ. ಮೇ ತಿಂಗಳಲ್ಲಿ ಇದಕ್ಕೆ ಯಾವ ಔಷಧಿ ಹೊಡೆದರೂ ದುಡ್ಡು ದಂಡ. ವರ್ಷಕ್ಕೆ ಒಂದೇ ಪೀಳಿಗೆ. ಹೊರಬಂದ ದುಂಬಿ ಮುಂದಿನ ಹೂವಿನ ತನಕ ಮರದ ತೊಗಟೆಯ ಬಿರುಕಿನಲ್ಲಿ ಅಡಗಿ ಕೂರುತ್ತದೆ. ಆದ್ದರಿಂದ ಉದುರಿದ ಕಾಯಿ, ತಿಂದು ಎಸೆದ ವಾಟೆ ಇವನ್ನು ತೋಟದಲ್ಲಿ ಬಿಡದೆ ಸುಡುವುದೊಂದೇ ಈಗ ಮಾಡಬಹುದಾದದ್ದು.

ಮೂರನೆಯದು ಹುಳವೇ ಅಲ್ಲ. ಆಪೂಸಿನಲ್ಲಿ ವಾಟೆಯ ಸುತ್ತ ತಿರುಳು ಬಿಳಿಚಿ, ಸ್ಪಂಜಿನ ಹಾಗೆ ಮೆತ್ತಗಾಗಿ ಹುಳಿ ಉಳಿಯುತ್ತದೆ. ಹೊರಗಿಂದ ಹಣ್ಣು ಬಂಗಾರದ ಹಾಗೆ ಇರುತ್ತದೆ. ಕೊಂಡವನು ಮನೆಗೆ ಹೋಗಿ ಕೊಯ್ದು ಬೈದುಕೊಳ್ಳುತ್ತಾನೆ. ಇದರಲ್ಲಿ ಕೀಟವೂ ಇಲ್ಲ, ಶಿಲೀಂಧ್ರವೂ ಇಲ್ಲ, ಹಣ್ಣಿನ ಒಳಗಿನ ಏರುಪೇರು ಅಷ್ಟೆ. ಕಾದ ನೆಲದ ಝಳಕ್ಕೂ ಇದಕ್ಕೂ ಸಂಬಂಧ ಇದೆ ಅಂತ ಸಂಶೋಧನೆಯವರು ಕಂಡುಕೊಂಡಿದ್ದಾರೆ. ಬರಿಯ ಕೆಂಪು ನೆಲಕ್ಕಿಂತ ದರಕು, ಹುಲ್ಲು ಹೊದಿಸಿದ ನೆಲದ ಮೇಲಿನ ಮರದಲ್ಲಿ ಇದು ಕಡಿಮೆ. ಕಾಯಿಯನ್ನು ಪೂರ್ತಿ ಬಲಿಯಲು ಬಿಡದೆ ಮುಕ್ಕಾಲು ಬಲಿತಾಗಲೇ ಕಿತ್ತರೂ ಕಡಿಮೆ. ಮಾವಿನ ಬುಡದ ದರಕು ಗುಡಿಸಿ ಬೆಂಕಿ ಹಾಕುವ ರೂಢಿ ನಮ್ಮಲ್ಲಿ ಇದೆ. ಅದು ನಿಂತರೆ ಅರ್ಧ ಕೆಲಸ ಆದ ಹಾಗೆ. ಅಂಗಡಿಗೆ ಹೋಗಿ "ಬಿಳಿ ತಿರುಳಿಗೆ ಔಷಧಿ ಕೊಡಿ" ಅಂದರೆ ಅವರು ಏನಾದರೊಂದು ಕೊಡುತ್ತಾರೆ, ಅದು ಬೇರೆ ಮಾತು.

ನೊಣದ ಲೆಕ್ಕ

ಹಣ್ಣು ನೊಣ ಮನೆನೊಣದಷ್ಟೇ ದೊಡ್ಡದು, ಕಂದು ಬಣ್ಣ, ಬೆನ್ನ ಮೇಲೆ ಹಳದಿ ಪಟ್ಟೆ. ಹೆಣ್ಣಿನ ಹಿಂಭಾಗದಲ್ಲಿ ಸೂಜಿಯಂಥ ಕೊಳವೆ ಇರುತ್ತದೆ. ಬಲಿತ ಕಾಯಿಯ ಸಿಪ್ಪೆಗೆ ಅದನ್ನು ಚುಚ್ಚಿ ಒಳಗೆ ಮೊಟ್ಟೆ ಇಡುತ್ತದೆ. ಒಂದು ಹೆಣ್ಣು ತನ್ನ ಆಯುಸ್ಸಿನಲ್ಲಿ ಸಾವಿರದಷ್ಟು ಮೊಟ್ಟೆ ಇಡಬಲ್ಲದು. ಒಂದೆರಡು ದಿನಕ್ಕೆ ಮೊಟ್ಟೆ ಒಡೆದು ಮರಿ ಆಗುತ್ತದೆ. ಮರಿ ವಾರ ಹತ್ತು ದಿನ ತಿರುಳು ತಿಂದು ಹಣ್ಣಿನಿಂದ ಹೊರಬಿದ್ದು ಬುಡದ ಮಣ್ಣಿನಲ್ಲಿ ಒಂದೆರಡು ಅಂಗುಲ ಕೆಳಗೆ ಹೋಗಿ ಕೋಶ ಆಗುತ್ತದೆ. ಅಲ್ಲಿಂದ ಸುಮಾರು ಹತ್ತು ದಿನಕ್ಕೆ ಹೊಸ ನೊಣ. ಅದು ಬಲಿತು ಮೊಟ್ಟೆ ಇಡಲು ಮತ್ತೊಂದು ವಾರ ಹತ್ತು ದಿನ. ಹೆಚ್ಚು ಕಡಿಮೆ ತಿಂಗಳಿಗೊಂದು ಪೀಳಿಗೆ ಅಂತ ಇಟ್ಟುಕೊಳ್ಳಿ. ಏಪ್ರಿಲ್ ನಡುವೆ ತೋಟದಲ್ಲಿ ಹತ್ತು ಹೆಣ್ಣು ಇದ್ದರೆ ಮಿರ್ಗದ ಹೊತ್ತಿಗೆ ಎರಡು ಪೀಳಿಗೆ ದಾಟಿರುತ್ತದೆ. ಎಲ್ಲ ಬದುಕುವುದಿಲ್ಲ ನಿಜ, ಆದರೆ ಲೆಕ್ಕ ಎಲ್ಲಿಗೆ ಹೋಗುತ್ತದೆ ನೀವೇ ನೋಡಿ.

ಭರಣಿ, ಕೃತ್ತಿಕೆ ಮಳೆ ಒಂದೆರಡು ಬಿದ್ದು ನೆಲ ತಂಪಾದರೆ ನೊಣಕ್ಕೆ ಹಬ್ಬ. ಮೆತ್ತಗಿನ ಹಸಿ ಮಣ್ಣಿನಲ್ಲಿ ಕೋಶ ಚೆನ್ನಾಗಿ ಉಳಿಯುತ್ತದೆ, ಹಣ್ಣೂ ಮರದಲ್ಲೇ ಮಾಗುತ್ತಿರುತ್ತದೆ. ಮಳೆಗಿಂತ ಮೊದಲು ಕಿತ್ತ ಕಾಯಿಗೆ ಕಾಟ ಕಡಿಮೆ, ಮಳೆ ಬಿದ್ದ ಮೇಲೆ ಕಿತ್ತದ್ದಕ್ಕೆ ಹೆಚ್ಚು. ತಡವಾಗಿ ಬರುವ ಮಲ್ಲಿಕಾ, ಊರ ಜಾತಿಗಳಿಗೆ ಪೆಟ್ಟು ಬೀಳುವುದು ಅದಕ್ಕೇ. ರೇಟು ಏರುತ್ತದೆ ಅಂತ ಬಲಿತ ಕಾಯಿಯನ್ನು ಮರದಲ್ಲಿ ಇಟ್ಟುಕೊಂಡು ಕಾಯುವವರು ಈ ಲೆಕ್ಕವನ್ನೂ ಪಕ್ಕದಲ್ಲಿ ಇಟ್ಟುಕೊಳ್ಳಬೇಕು.

ಇದರ ಮೋಸ ಏನೆಂದರೆ ಕೀಳುವಾಗ ಕಣ್ಣಿಗೆ ಕಾಣುವುದಿಲ್ಲ. ಚುಚ್ಚಿದ ಗುರುತು ಸೂಜಿ ಮೊನೆಯಷ್ಟು. ಹುಲ್ಲಿನಲ್ಲಿ ಅಡಿ ಹಾಕಿ ನಾಲ್ಕೈದು ದಿನ ಆದ ಮೇಲೆ ಆ ಜಾಗ ಮೆತ್ತಗಾಗಿ, ಒತ್ತಿದರೆ ರಸ ಸೋರುತ್ತದೆ. ಅಷ್ಟರಲ್ಲಿ ಹಣ್ಣು ಊರು ಬಿಟ್ಟು ಹೋಗಿರುತ್ತದೆ. ಯುರೋಪಿನ ದೇಶಗಳು 2014ರ ಮೇ ತಿಂಗಳಿನಿಂದ ನಮ್ಮ ದೇಶದ ಮಾವನ್ನು ತರಿಸುವುದನ್ನೇ ನಿಲ್ಲಿಸಿದ್ದವು. ಕಾರಣ ಈ ನೊಣದ ಮರಿಯೇ. 2015ರ ಜನವರಿಯಲ್ಲಿ ಮತ್ತೆ ಬಾಗಿಲು ತೆಗೆದರು. ನಮ್ಮ ಹಣ್ಣು ಯುರೋಪಿಗೆ ಹೋಗುವುದಿಲ್ಲ, ಹೆಚ್ಚೆಂದರೆ ಹಾನಗಲ್ಲು, ಹಾವೇರಿ, ಶಿವಮೊಗ್ಗ. ಆದರೆ ಅಲ್ಲಿಯ ವ್ಯಾಪಾರಿಯೂ ಒಂದು ಪೆಟ್ಟಿಗೆಯಲ್ಲಿ ಹುಳ ಕಂಡರೆ ಇಡೀ ಗಾಡಿಗೆ ರೇಟು ಇಳಿಸುತ್ತಾನೆ.

ಉದುರಿದ ಕಾಯಿ ಯಾರದ್ದು?

ನೊಣದ ಮರಿ ಹಣ್ಣಿನ ಒಳಗೆ, ಕೋಶ ಮಣ್ಣಿನ ಒಳಗೆ. ಹೊರಗಿಂದ ಹೊಡೆದ ಔಷಧಿ ಎರಡಕ್ಕೂ ತಾಗದು. ಹಾಗಾಗಿ ಮರಿ ಮಣ್ಣಿಗೆ ಇಳಿಯುವ ಮೊದಲೇ ಉದುರಿದ ಕಾಯಿಯನ್ನು ಎತ್ತುವುದು ಎಲ್ಲಕ್ಕಿಂತ ದೊಡ್ಡ ಕೆಲಸ. ಇದು ಎಲ್ಲರಿಗೂ ಗೊತ್ತು, ಆದರೆ ಯಾರೂ ಮಾಡುವುದಿಲ್ಲ. ಯಾಕೆ ಅಂದರೆ ನಮ್ಮ ಫಲಗುತ್ತಿಗೆ ಪದ್ಧತಿ. ಹೂವಿನಲ್ಲೋ ಮಿಡಿಯಲ್ಲೋ ತೋಟ ವ್ಯಾಪಾರಿಗೆ ಆಗುತ್ತದೆ. ಆಮೇಲೆ ಫಸಲು ಅವನದ್ದು, ನೆಲ ನಮ್ಮದು. ಉದುರಿ ಕೊಳೆತದ್ದು ಅವನಿಗೆ ಬೇಡ, ನಾವು ಮುಟ್ಟಿದರೆ "ನನ್ನ ಕಾಯಿ ಎತ್ತಿದರು" ಅಂತ ಕಾವಲಿನವನ ತಕರಾರು. ಹಣ್ಣು ಮುಗಿದ ಮೇಲೆ ಅವನು ಹೋಗುತ್ತಾನೆ, ಮರದ ತುದಿಯಲ್ಲಿ ಉಳಿದದ್ದು, ಬುಡದಲ್ಲಿ ಕೊಳೆತದ್ದು ಎಲ್ಲ ನಮಗೆ. ಅಲ್ಲೇ ಹುಟ್ಟಿದ ನೊಣ ಮುಂದೆ ಮಳೆಗಾಲದ ಪೇರಲೆಗೆ, ಹಿತ್ತಲಿನ ಸಪೋಟಕ್ಕೆ ಹೋಗುತ್ತದೆ, ಅಲ್ಲಿಂದ ತಿರುಗಿ ಮುಂದಿನ ವರ್ಷದ ಮಾವಿಗೆ.

ಈಗ ನಾನು ಗುತ್ತಿಗೆ ಮಾತಾಡುವಾಗಲೇ ಎರಡು ಮಾತು ಸೇರಿಸಿ ಚೀಟಿ ಬರೆಸುತ್ತೇನೆ. ಉದುರಿದ್ದನ್ನು ವಾರಕ್ಕೆ ಎರಡು ಸಲ ಆರಿಸಿ ಗುಂಡಿಗೆ ಹಾಕುವುದು ವ್ಯಾಪಾರಿಯ ಆಳಿನ ಕೆಲಸ. ಅವನು ಮಾಡದಿದ್ದರೆ ನಾನು ಆರಿಸುತ್ತೇನೆ, ಆ ಕಾಯಿಗೆ ಅವನ ಹಕ್ಕಿಲ್ಲ. ಮೊದಲ ವರ್ಷ ವ್ಯಾಪಾರಿ ನಕ್ಕ. ಆದರೂ ಸಹಿ ಹಾಕಿದ, ಯಾಕೆಂದರೆ ಅವನಿಗೆ ಅದರಿಂದ ಖರ್ಚೇನೂ ಹೆಚ್ಚಿಲ್ಲ.

ಆರಿಸಿದ್ದನ್ನು ತಿಪ್ಪೆಗೆ ಸುರಿಯಬೇಡಿ. ತಿಪ್ಪೆಯಲ್ಲಿ ಹುಳ ಸಾಯುವುದಿಲ್ಲ, ಅಂಚಿನ ತಂಪು ಜಾಗಕ್ಕೆ ಸರಿದು ನೊಣ ಆಗಿಯೇ ಬರುತ್ತದೆ. ಎರಡು ಮೂರು ಅಡಿ ಆಳದ ಗುಂಡಿ ತೆಗೆದು, ಮೇಲೆ ಎರಡು ಅಡಿ ಮಣ್ಣು ಬಿಗಿಯಾಗಿ ಮುಚ್ಚಬೇಕು. ಗುಂಡಿ ತೋಡಲು ಆಳು ಸಿಗದಿದ್ದರೆ ಖಾಲಿ ಗೊಬ್ಬರದ ಚೀಲದ ಒಳಗಿನ ಪ್ಲಾಸ್ಟಿಕ್ ಹಾಳೆಯಲ್ಲಿ ತುಂಬಿ ಬಾಯಿ ಬಿಗಿದು ಬಿಸಿಲಿಗೆ ವಾರ ಹತ್ತು ದಿನ ಬಿಟ್ಟರೂ ಸಾಕು, ಒಳಗಿನದು ಬೆಂದೇ ಹೋಗುತ್ತದೆ. ಹವಾಯಿ ದ್ವೀಪದಲ್ಲಿ ಇದಕ್ಕೊಂದು ಜಾಣತನ ಮಾಡಿದ್ದಾರೆ. ಕೊಳೆತ ಹಣ್ಣನ್ನು ಸಣ್ಣ ಕಣ್ಣಿನ ಬಲೆ ಹಾಕಿದ ಡೇರೆಯೊಳಗೆ ಇಡುತ್ತಾರೆ. ನೊಣ ಆ ಕಣ್ಣಿನಲ್ಲಿ ತೂರದು, ನೊಣವನ್ನು ಕೊಲ್ಲುವ ಸಣ್ಣ ಕಣಜ ತೂರಿ ಹೊರಗೆ ಬರುತ್ತದೆ. ಮಣ್ಣಿನ ಕೋಶಕ್ಕೆ ಇನ್ನೊಂದು ಉಪಾಯ: ಫಸಲು ಮುಗಿದ ಕೂಡಲೇ ಬುಡದಲ್ಲಿ ಮೇಲುಮೇಲಕ್ಕೆ ಕುಂಟೆ ಹೊಡೆಯುವುದು. ಕೋಶ ಮೇಲೆ ಬಂದರೆ ಇರುವೆ, ಕೋಳಿ, ಮೈನಾ ಹಕ್ಕಿ ಮುಗಿಸುತ್ತವೆ. ಆಳ ನೇಗಿಲು ಬೇಡ, ಬೇರಿಗೆ ಗಾಯ.

ಬಲೆ ಬಾಟ್ಲಿ

ಗಂಡು ನೊಣಕ್ಕೆ ಮೀಥೈಲ್ ಯೂಜಿನಾಲ್ ಎಂಬ ವಾಸನೆ ಅಂದರೆ ಪ್ರಾಣ. ಇದನ್ನು ಕಂಡುಹಿಡಿದದ್ದು ನಮ್ಮ ದೇಶದಲ್ಲೇ. ಬಿಹಾರದ ಪೂಸಾದಲ್ಲಿದ್ದ ಹೌಲೆಟ್ ಎಂಬ ಕೀಟ ವಿಜ್ಞಾನಿ, ಸಿಟ್ರೊನೆಲ್ಲಾ ಎಣ್ಣೆಯ ವಾಸನೆಗೆ ಹಣ್ಣು ನೊಣ ಮುತ್ತುವುದನ್ನು 1912ರಲ್ಲಿ ಬರೆದರು. ಅದರಲ್ಲಿ ಸೆಳೆಯುವ ವಸ್ತು ಯಾವುದು ಅಂತ 1915ರಲ್ಲಿ ತಿಳಿಸಿದರು. ನಮ್ಮ ತುಳಸಿಯಲ್ಲೂ ಇದು ಇದೆ. 1960ರ ದಶಕದಲ್ಲಿ ಪೆಸಿಫಿಕ್ ಸಾಗರದ ರೋಟಾ ಎಂಬ ಪುಟ್ಟ ದ್ವೀಪದಲ್ಲಿ ಈ ವಾಸನೆಗೆ ವಿಷ ಸೇರಿಸಿದ ಹಲಗೆ ತುಂಡುಗಳನ್ನು ವಿಮಾನದಿಂದ ಉದುರಿಸಿ ನೊಣದ ವಂಶವನ್ನೇ ಇಲ್ಲವಾಗಿಸಿದರು. ಅದು ಸಾಗಿದ್ದು ಸುತ್ತ ಸಮುದ್ರ ಇದ್ದದ್ದಕ್ಕೆ. ನನ್ನ ಮೂರು ಎಕರೆ ದ್ವೀಪ ಅಲ್ಲ.

ಇದು ಮುಖ್ಯ ವಿಷಯ. ಬಲೆಗೆ ಬೀಳುವುದು ಗಂಡು ಮಾತ್ರ. ಬಾಟ್ಲಿ ತುಂಬಾ ನೊಣ ಕಂಡು ಜನ ಖುಷಿ ಪಡುತ್ತಾರೆ, ಆದರೆ ಮೊಟ್ಟೆ ಇಡುವುದು ಹೆಣ್ಣು. ಗಂಡು ಸಿಗದೆ ಹೆಣ್ಣು ಬಂಜೆಯಾಗಿ ಉಳಿಯಲಿ ಅನ್ನುವುದೇ ಈ ಬಲೆಯ ಲೆಕ್ಕ. ಹಾಗಾಗಿ ಹಣ್ಣಾದ ಮೇಲೆ ಕಟ್ಟಿದರೆ ಏನೂ ಆಗದು. ಕೀಳುವುದಕ್ಕೆ ಸುಮಾರು 45 ದಿನ ಮೊದಲು, ಅಂದರೆ ನಮ್ಮಲ್ಲಿ ಯುಗಾದಿಯ ಆಸುಪಾಸಿನಲ್ಲಿ ಕಟ್ಟಬೇಕು. ಪಕ್ಕದ ತೋಟದಲ್ಲಿ ಇಲ್ಲದಿದ್ದರೆ ಅಲ್ಲಿ ಕೂಡಿದ ಹೆಣ್ಣು ಕಿಲೋಮೀಟರುಗಟ್ಟಲೆ ಹಾರಿ ಇಲ್ಲಿ ಬಂದು ಮೊಟ್ಟೆ ಇಡುತ್ತದೆ. ಒಂದು ಬಯಲಿನ ಮಾವಿನವರೆಲ್ಲ ಒಟ್ಟಿಗೆ ಕಟ್ಟಿದರೆ ಮಾತ್ರ ಫಲ. ನಮ್ಮಲ್ಲಿ ಐದು ಜನ ಸೇರಿ ಕಟ್ಟುತ್ತಿದ್ದೇವೆ, ಆರನೆಯವರೊಬ್ಬರ ತೋಟ ನಡುವೆ ಇದೆ, ಅವರು ಊರಲ್ಲಿ ಇಲ್ಲ. ಅವರ ತೋಟಕ್ಕೂ ನಾವೇ ಕಟ್ಟುತ್ತೇವೆ. ಧರ್ಮಕ್ಕಲ್ಲ, ನಮ್ಮ ಹಣ್ಣಿಗೆ.

ಹೆಸರಘಟ್ಟದ ಭಾರತೀಯ ತೋಟಗಾರಿಕಾ ಸಂಶೋಧನಾ ಸಂಸ್ಥೆ ಎಕರೆಗೆ 6 ಬಲೆ ಅಂತ ಹೇಳುತ್ತದೆ. ವಾಸನೆ ಕುಡಿಸಿದ ಪ್ಲೈವುಡ್ ತುಂಡು ಸಿದ್ಧವಾಗಿ ಸಿಗುತ್ತದೆ. ಮನೆಯಲ್ಲೇ ಮಾಡುವವರಿಗೆ ಪುಸ್ತಕದ ಅಳತೆ ಹೀಗಿದೆ: ಸ್ಪಿರಿಟ್ 6 ಪಾಲು, ಮೀಥೈಲ್ ಯೂಜಿನಾಲ್ 4 ಪಾಲು, ಮೆಲಾಥಿಯಾನ್ 1 ಪಾಲು, ಅದರಲ್ಲಿ ಎರಡು ಮೂರು ದಿನ ತುಂಡು ನೆನೆಯಬೇಕು. ಬಾಟ್ಲಿ ಮಾತ್ರ ಕೊಳ್ಳಬೇಕಾಗಿಲ್ಲ. ಮದುವೆ ಮನೆಯ ನೀರಿನ ಬಾಟ್ಲಿಗೆ ಪಕ್ಕದಲ್ಲಿ ನೊಣ ತೂರುವಷ್ಟು ನಾಲ್ಕು ತೂತು, ಒಳಗೆ ತಂತಿಯಲ್ಲಿ ತುಂಡು ನೇತಾಕಿದರೆ ಆಯಿತು. ನೆರಳಿನ ಕೊಂಬೆಗೆ ಎದೆಮಟ್ಟದಲ್ಲಿ ಕಟ್ಟಿ. ತಂತಿಗೆ ಸ್ವಲ್ಪ ಗ್ರೀಸ್ ಸವರಿ, ಇಲ್ಲದಿದ್ದರೆ ಇರುವೆ ಸತ್ತ ನೊಣವನ್ನು ಹೊತ್ತೊಯ್ದು ಬಲೆ ಖಾಲಿ ಕಾಣುತ್ತದೆ. ಒಂದು ತುಂಡು ಎರಡು ಮೂರು ತಿಂಗಳು ಬರುತ್ತದೆ. ಸೌತೆ, ಹಾಗಲಕ್ಕೆ ಬೀಳುವ ನೊಣ ಬೇರೆ ಜಾತಿ. ಅದಕ್ಕೆ ಕ್ಯೂಲೂರ್ ಎಂಬ ಬೇರೆ ವಾಸನೆ ಬೇಕು. ಮಾವಿನದ್ದನ್ನು ತರಕಾರಿಗೆ ಕಟ್ಟಿ "ಬೀಳಲಿಲ್ಲ" ಅಂದವರು ನಮ್ಮೂರಲ್ಲೇ ಇದ್ದಾರೆ.

ಹೆಣ್ಣಿಗೆ ಇನ್ನೊಂದು ದಾರಿ ಇದೆ. ಮೊಟ್ಟೆ ಕಟ್ಟುವ ಮೊದಲು ಅದಕ್ಕೆ ಸಿಹಿ, ಹುಳಿ ಆಹಾರ ಬೇಕು. 10 ಲೀಟರ್ ನೀರಿಗೆ 100 ಗ್ರಾಂ ಬೆಲ್ಲ ಕದಡಿ, ಕೀಟನಾಶಕ ಸೇರಿಸಿ, ಕಾಂಡ ಮತ್ತು ಕೆಳಗಿನ ಎಲೆಗಳ ಮೇಲೆ ದಪ್ಪ ಹನಿಯಾಗಿ ಹಾಕುತ್ತಾರೆ. ಇಡೀ ಮರಕ್ಕೆ ಹೊಡೆಯುವುದಲ್ಲ, ಕಾಯಿಗಂತೂ ಅಲ್ಲವೇ ಅಲ್ಲ. ಯಾವ ಕೀಟನಾಶಕ ಅನ್ನುವುದನ್ನು ಹಳೇ ಕೈಪಿಡಿ ನೋಡಿ ಹಾಕಬೇಡಿ. ಡಬ್ಬಿಯ ಚೀಟಿಯ ಮೇಲೆ ಮಾವು ಅಂತ ಅಚ್ಚಾಗಿದೆಯೇ, ಹೊಡೆದ ಎಷ್ಟು ದಿನಕ್ಕೆ ಕೀಳಬಹುದು ಅಂತ ಓದಿಸಿಕೊಳ್ಳಿ. ಹಳೇ ಪುಸ್ತಕದಲ್ಲಿರುವ ಎಷ್ಟೋ ಮದ್ದು ಈಗ ಇಲ್ಲ. ಎಂಡೋಸಲ್ಫಾನನ್ನು ಸುಪ್ರೀಂ ಕೋರ್ಟು 2011ರ ಮೇ ತಿಂಗಳಲ್ಲಿ ನಿಲ್ಲಿಸಿತು. ಕಾಸರಗೋಡಿನ ಗೇರು ತೋಟಗಳಿಗೆ ಹೆಲಿಕಾಪ್ಟರಿನಿಂದ ಅದನ್ನು ಸುರಿದು ಅಲ್ಲಿಯ ಜನ ಪಟ್ಟ ಪಾಡು ಎಲ್ಲರಿಗೂ ತಿಳಿದದ್ದೇ. ನುವಾನ್ ಎಂದು ನಾವು ಕರೆಯುತ್ತಿದ್ದ ಡೈಕ್ಲೋರ್ವಾಸ್, ತಿಮೆಟ್ ಎಂದು ಕರೆಯುತ್ತಿದ್ದ ಫೋರೇಟ್ ಎರಡೂ 2020ರ ಡಿಸೆಂಬರ್ 31ರಿಂದ ನಿಷೇಧ.

ನೇರವಾಗಿ ಗಿರಾಕಿಗೆ ಮಾರುವವರಿಗೆ ಬಿಸಿನೀರಿನ ಸ್ನಾನ ಒಳ್ಳೆಯದು. ಬಲಿತ ಕಾಯಿಯನ್ನು 48 ಡಿಗ್ರಿ ಬಿಸಿ ನೀರಿನಲ್ಲಿ ಒಂದು ಗಂಟೆ ಪೂರ್ತಿ ಮುಳುಗಿಸಿದರೆ ಒಳಗಿನ ಮೊಟ್ಟೆ, ಮರಿ ಸಾಯುತ್ತದೆ. ಪರದೇಶಕ್ಕೆ ಕಳಿಸುವಾಗ ಮಾಡುವುದೂ ಇದನ್ನೇ. ಆಲೆಮನೆಯ ಕೊಪ್ಪರಿಗೆ ಸಾಕು, ಆದರೆ ಥರ್ಮಾಮೀಟರ್ ಬೇಕೇ ಬೇಕು. ಕೈ ಅದ್ದಿ ಅಂದಾಜು ಮಾಡುವ ಕೆಲಸ ಇದಲ್ಲ. ಬಿಸಿ ಕಡಿಮೆಯಾದರೆ ಹುಳ ಉಳಿಯುತ್ತದೆ, ಹೆಚ್ಚಾದರೆ ಸಿಪ್ಪೆ ಬೇಯುತ್ತದೆ.

ದ್ರಾಕ್ಷಿಯವರಿಂದ ಕಲಿತದ್ದು

ನಮ್ಮ ಕಡೆ ದ್ರಾಕ್ಷಿ ಇಲ್ಲ. ವಿಜಯಪುರದ ಕಡೆ ಏಪ್ರಿಲ್ ಚಾಟ್ನಿ ಮುಗಿಸಿ ಇದೇ ಉರಿಬಿಸಿಲಿನಲ್ಲಿ ಅವರಿಗೆ ಬೇರೆ ಗೋಳು. ಹೊಸ ಮೊಗ್ಗನ್ನೇ ಚಿಗಟ ದುಂಬಿ ತಿಂದುಹಾಕುತ್ತದೆ. ಅವರು ಚಾಟ್ನಿ ಆದಾಗಲೇ ಬಳ್ಳಿಯ ಬುಡದ ಸಡಿಲ ತೊಗಟೆಯನ್ನು ಕೈಯಿಂದ ಸುಲಿದು ತಿಕ್ಕುತ್ತಾರೆ, ದುಂಬಿಯ ಮೊಟ್ಟೆಗೂ ಹಿಟ್ಟು ತಿಗಣೆಗೂ ಅಡಗಲು ಜಾಗ ಇರದ ಹಾಗೆ. ಮಾವಿನ ವಾಟೆ ಹುಳ ಅಡಗುವುದೂ ತೊಗಟೆಯ ಬಿರುಕಿನಲ್ಲೇ ಅಂತ ಮೇಲೆ ಹೇಳಿದೆನಲ್ಲ. ಹಳೇ ಮರದ ಸಡಿಲ ತೊಗಟೆಯನ್ನು ಮಳೆಗಾಲ ಮುಗಿದ ಮೇಲೆ ಹಾಗೇ ಕೆರೆದು ತೆಗೆಯಬಹುದು, ಹಸಿ ತೊಗಟೆಗೆ ಗಾಯ ಆಗಬಾರದು ಅಷ್ಟೆ.

ಮೈಲುತುತ್ತ ಸುಣ್ಣದ ಬೋರ್ಡೊ ದ್ರಾವಣವೂ ದ್ರಾಕ್ಷಿ ತೋಟದ ಕೊಡುಗೆಯೇ. ಫ್ರಾನ್ಸಿನ ಬೋರ್ಡೊ ಸೀಮೆಯಲ್ಲಿ ದಾರಿಹೋಕರು ದ್ರಾಕ್ಷಿ ಕದಿಯದಿರಲಿ ಅಂತ ಅಂಚಿನ ಸಾಲಿಗೆ ಬಳಿದಿದ್ದರು, ಆ ಸಾಲಿಗೆ ರೋಗ ಬರಲಿಲ್ಲ. ಮಿಲಾರ್ಡೆ ಎಂಬವರು ಅದನ್ನು ಗಮನಿಸಿ 1885ರಲ್ಲಿ ಲೋಕಕ್ಕೆ ತಿಳಿಸಿದರು. 1908ರಲ್ಲಿ ಮೈಸೂರು ಸಂಸ್ಥಾನಕ್ಕೆ ಬಂದ ಲೆಸ್ಲಿ ಕೋಲ್ಮನ್ ಅದನ್ನು ನಮ್ಮ ಅಡಿಕೆ ಕೊಳೆಗೆ ತಂದರು. ಈಗ ಮಾವಿನ ಕಾಂಡಕ್ಕೂ ಬೇಕಾಗಿರುವುದು ಅದೇ.

ಕಾಂಡ ಕೊರಕ

ನೊಣ ಒಂದು ವರ್ಷದ ಫಸಲು ತಿಂದರೆ ಇದು ಮರವನ್ನೇ ತಿನ್ನುತ್ತದೆ. ಉದ್ದ ಮೀಸೆಯ ದೊಡ್ಡ ಬೂದು ದುಂಬಿ, ಮುಂಗಾರಿನ ಮೊದಲ ಮಳೆಗಳ ಹೊತ್ತಿಗೆ ಹೊರಬಂದು ಕಾಂಡದ ಗಾಯ, ಬಿರುಕುಗಳಲ್ಲಿ ಮೊಟ್ಟೆ ಇಡುತ್ತದೆ. ಟ್ರಾಕ್ಟರ್ ತಾಗಿದ ಗಾಯ, ಬೇಲಿ ತಂತಿ ಬಿಗಿದ ಜಾಗ, ಕೊಂಬೆ ಕಡಿದು ಹಾಗೇ ಬಿಟ್ಟ ಮೋಟು ಅದಕ್ಕೆ ಇಷ್ಟ. ಮರಿ ತಿಂಗಳುಗಟ್ಟಲೆ ಒಳಗೆ ಸುರಂಗ ಕೊರೆಯುತ್ತದೆ, ಬೆರಳುದ್ದ ಬೆಳೆಯುತ್ತದೆ. ಮೇಲೆ ಒಂದು ಕೊಂಬೆ ಹಳದಿಯಾಗಿ ಎಲೆ ಉದುರಿದಾಗ "ಬಿಸಿಲಿಗೆ" ಅನ್ನುತ್ತೇವೆ. ಬುಡ ನೋಡಿದರೆ ಮರದ ಹೊಟ್ಟು ಬಿದ್ದಿರುತ್ತದೆ, ತೂತಿನಿಂದ ಕಂದು ರಸ ಸೋರಿರುತ್ತದೆ.

ಮೇ ತಿಂಗಳಲ್ಲಿ ಒಂದೊಂದು ಮರದ ಬುಡಕ್ಕೂ ಕೂತು ನೋಡಬೇಕು. ಹಸಿ ಹೊಟ್ಟು ಇದ್ದರೆ ಹುಳ ಒಳಗೆ ಬದುಕಿದೆ. ಸೈಕಲ್ಲಿನ ಕಡ್ಡಿಯ ತುದಿ ಕೊಕ್ಕೆ ಮಾಡಿ ತೂತಿನಲ್ಲಿ ತಿರುವಿ ಎಳೆಯಿರಿ, ಹೆಚ್ಚಿನ ಸಲ ಹುಳ ಬಂದೇ ಬರುತ್ತದೆ. ಬಾರದಿದ್ದರೆ ಹತ್ತಿಯನ್ನು ಪೆಟ್ರೋಲಿನಲ್ಲಿ ಅದ್ದಿ ಆಳಕ್ಕೆ ತುರುಕಿ, ಹೊರಗಿಂದ ಹಸಿ ಜೇಡಿ ಮಣ್ಣು ಮೆತ್ತಬೇಕು. ಆ ಹೊತ್ತಿನಲ್ಲಿ ಬೀಡಿ ಹಚ್ಚುವವರನ್ನು ದೂರ ಇಡಿ. ಹತ್ತು ಹದಿನೈದು ದಿನ ಬಿಟ್ಟು ಮತ್ತೆ ನೋಡಿ, ಹೊಸ ಹೊಟ್ಟು ಬಿದ್ದಿದ್ದರೆ ಪಕ್ಕದಲ್ಲಿ ಇನ್ನೊಂದು ತೂತು ಇದೆ ಅಂತ ಅರ್ಥ. ಪೂರ್ತಿ ಒಣಗಿದ ಕೊಂಬೆಯನ್ನು ಹಸಿ ಇರುವಲ್ಲಿವರೆಗೆ ಕೊಯ್ದು ಅಂದೇ ಸುಡಬೇಕು. ಸೌದೆ ಅಂತ ಮನೆ ಹಿಂದೆ ಒಟ್ಟಿದರೆ ದುಂಬಿ ಅಲ್ಲಿಂದಲೇ ಹಾರುತ್ತದೆ.

ಕೊಯ್ದ ಜಾಗಕ್ಕೂ ಗಾಯಕ್ಕೂ ಬೋರ್ಡೊ ಮುಲಾಮು ಬಳಿಯಿರಿ: ಮೈಲುತುತ್ತ 1 ಕಿಲೋ, ಸುಟ್ಟ ಸುಣ್ಣ 1 ಕಿಲೋ, ನೀರು ಒಟ್ಟು 10 ಲೀಟರ್. ತುತ್ತವನ್ನು 5 ಲೀಟರಿನಲ್ಲಿ, ಸುಣ್ಣವನ್ನು ಇನ್ನು 5 ಲೀಟರಿನಲ್ಲಿ ಬೇರೆ ಬೇರೆ ಪ್ಲಾಸ್ಟಿಕ್ ಬಕೀಟಿನಲ್ಲಿ ಕರಗಿಸಿ, ಆಮೇಲೆ ಕೂಡಿಸಿ. ಕಬ್ಬಿಣದ ಪಾತ್ರೆ ಬೇಡ. ಅಡಿಕೆಗೆ ಹೊಡೆಯುವ ಶೇಕಡಾ 1ರ ತೆಳು ದ್ರಾವಣ ಇದಕ್ಕೆ ನಡೆಯದು, ಗಟ್ಟಿ ಬಳಿಯಬೇಕು. ನೆಲದಿಂದ ಮೂರು ನಾಲ್ಕು ಅಡಿ ಎತ್ತರದವರೆಗೆ ಇಡೀ ಕಾಂಡಕ್ಕೆ ರೋಹಿಣಿ ಮಳೆಗೆ ಮೊದಲೇ ಬಳಿದು ಮುಗಿಸಿ. ಮಿರ್ಗ ಹಿಡಿದ ಮೇಲೆ ಬಳಿದದ್ದು ಒಣಗದೆ ತೊಳೆದು ಹೋಗುತ್ತದೆ, ಅಷ್ಟರಲ್ಲಿ ನಮಗೂ ಬಿತ್ತನೆಯ ಅವಸರ.